ಹೊಸ ಟೈರಿಗೆ ರಾಡಿ ತಾಗದಂತೆ

ಹೊಸ ವಸ್ತುವನ್ನು ಕೊಳ್ಳುವುದು ಬೇರೆ, ಬಳಸುವುದು ಬೇರೆ. ಬಳಸಲು ಒಂದು ಬಗೆಯ ಎದೆಗಾರಿಕೆ ಬೇಕು. ಅದು ನನ್ನಲ್ಲಿಲ್ಲ ಎಂಬುದನ್ನು ಐವತ್ತು ದಾಟಿದ ಮೇಲಾದರೂ ಒಪ್ಪಿಕೊಂಡುಬಿಡುವುದು ಒಳ್ಳೆಯದು. ನಮ್ಮ ಮನೆಯ ಟಿವಿ ರಿಮೋಟಿಗೆ ಒಂದು ಪ್ಲಾಸ್ಟಿಕ್ ಚೀಲವಿದೆ. ಆ ಚೀಲ ಮಾಸಬಾರದೆಂದು ಅದರ ಮೇಲೆ ಇನ್ನೊಂದು ಚೀಲವಿದೆ. ಹೀಗಾಗಿ ಯಾವ ಗುಂಡಿ ಯಾವುದೆಂದು ಕಾಣುವುದಿಲ್ಲ, ಅಂದಾಜಿನ ಮೇಲೆ ಒತ್ತುತ್ತೇವೆ. ಈ ಗುಣ ನನಗೆ ಅವ್ವನಿಂದ ಬಂದದ್ದು. ಎರೆ ಭೂಮಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಮಳೆ ಬಂತೆಂದರೆ ಅಲ್ಲಿ ಚಪ್ಪಲಿ ಇರುವುದು ಕಾಲಲ್ಲಲ್ಲ, ಕೈಯಲ್ಲಿ. ಕರಿ ಮಣ್ಣಿನ ರಾಡಿಯಲ್ಲಿ ಹತ್ತು ಹೆಜ್ಜೆ ಇಟ್ಟರೆ ಚಪ್ಪಲಿಗೆ ಮೆತ್ತಿದ ಮಣ್ಣು ಚಪ್ಪಲಿಗಿಂತ ಭಾರವಾಗುತ್ತದೆ, ಹನ್ನೊಂದನೆಯ ಹೆಜ್ಜೆಗೆ ಪಟ್ಟಿ ಕಿತ್ತು ಬರುತ್ತದೆ. ನನಗೆ ಮೊದಲ ಸಲ ಹೊಸ ಚಪ್ಪಲಿ ಕೊಡಿಸಿದ ವರ್ಷ ಅವ್ವ ಸಾಲಿಗೆ ಕಳಿಸುವಾಗ ದಿನಾ ಹೇಳುತ್ತಿದ್ದಳು: "ಮಳಿ ಬಂದ್ರ ಬಗಲಾಗ ಇಟ್ಕೋ. ಕಾಲು ತೊಳಕೋಬಹುದು, ಚಪ್ಪಲಿ ತೊಳದ್ರ ಹಳೇವಾಗ್ತಾವ." ನಾನು ಆ ಮಾತನ್ನು ಇಂದಿಗೂ ಪಾಲಿಸುತ್ತ ಬಂದಿದ್ದೇನೆ.

ಇಂಥವನ ಬಳಿ ಕಾರು ಇದ್ದರೆ ಹೇಗಿರುತ್ತದೆ ಎಂದು ನೀವೇ ಊಹಿಸಿ. ನನ್ನ ಕಾರಿಗೆ ಎಂಟು ವರ್ಷ. ಸೀಟುಗಳ ಮೇಲೆ ಶೋರೂಮಿನವರು ಹಾಕಿಕೊಟ್ಟ ಪ್ಲಾಸ್ಟಿಕ್ ಇನ್ನೂ ಇದೆ. ಬೇಸಿಗೆಯಲ್ಲಿ ಅದು ಬೆನ್ನಿಗೆ ಅಂಟಿಕೊಳ್ಳುತ್ತದೆ, ಇಳಿಯುವಾಗ ಚರ್ರೆಂದು ಸದ್ದು ಮಾಡುತ್ತದೆ. ಟೈರುಗಳಿಗೂ ಎಂಟೇ ವರ್ಷ. ಅವು ಸವೆದು ಅಂಗೈಯಷ್ಟು ನುಣ್ಣಗಾಗಿದ್ದವು. ಬದಲಾಯಿಸಿ ಎಂದು ಯಾರಾದರೂ ಹೇಳಿದರೆ ನನ್ನ ಬಳಿ ಉತ್ತರ ತಯಾರಿತ್ತು. ಮಳೆ ಎಲ್ಲಿದೆ ನಮ್ಮ ಕಡೆ? ಬಸವನ ಬಾಗೇವಾಡಿಯಲ್ಲಿ ಕುಳಿತು ಮಳೆಗಾಲದ ಟೈರಿನ ಚಿಂತೆ ಮಾಡುವುದೆಂದರೆ ಸಮುದ್ರವಿಲ್ಲದ ಊರಲ್ಲಿ ದೋಣಿ ಕಟ್ಟಿದಂತೆ ಎನ್ನುತ್ತಿದ್ದೆ. ನನ್ನ ಕೆಲಸ ಮುಳವಾಡದ ಕಡೆಯ ಕಾಲುವೆಯ ಕಚೇರಿಯಲ್ಲಿ. ಅದಕ್ಕೂ ಮೊದಲು ಆಲಮಟ್ಟಿಯಲ್ಲಿದ್ದೆ. ನೀರು ಎಷ್ಟು ಎತ್ತರ ಹರಿಯುತ್ತಿದೆ ಎಂದು ನೋಡುವುದೇ ನನ್ನ ನೌಕರಿ. ನೀರಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ಒಂದು ಸಣ್ಣ ಅಹಂಕಾರವೂ ಇತ್ತು.

ಆ ಅಹಂಕಾರ ಇಳಿದದ್ದು ಮುದ್ದೇಬಿಹಾಳದ ದಾರಿಯಲ್ಲಿ. ನನ್ನ ಹೆಂಡತಿ ಸುವರ್ಣಾಳ ಗೆಳತಿಯ ಮಗಳಿಗೆ ಕುಬಸ. ಬಸುರಿಗೆ ಉಡಿ ತುಂಬಲು ಸೀರೆ, ಹಣ್ಣು, ಡಬ್ಬಿ ತುಂಬ ಕರಿಗಡಬು ಎಲ್ಲ ಹಿಡಿದುಕೊಂಡು ಹೊರಟಿದ್ದೆವು. ಹತ್ತು ನಿಮಿಷ ಮಳೆ ಬಂದು ನಿಂತಿತ್ತು, ಅಷ್ಟೇ. ನಮ್ಮ ಕಡೆ ಅಪಾಯಕಾರಿಯಾದದ್ದು ಜೋರು ಮಳೆಯಲ್ಲ, ಈ ಹತ್ತು ನಿಮಿಷದ ಮಳೆ. ಹೊಲದಿಂದ ಬಂದ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಎರೆ ಮಣ್ಣು ಉದುರಿಸಿರುತ್ತವೆ. ಜೋರು ಮಳೆಯಾದರೆ ಅದು ತೊಳೆದು ಹೋಗುತ್ತದೆ, ಹನಿ ಮಳೆಗೆ ಬೆಣ್ಣೆಯಾಗುತ್ತದೆ. ನಾನು ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ, ತಿರುಗಿತು. ಬಹಳ ಸಾವಕಾಶವಾಗಿ, ಯಾರೋ ಕೈಹಿಡಿದು ತಿರುಗಿಸಿದಂತೆ, ಅರ್ಧ ಸುತ್ತು ತಿರುಗಿ ಬಂದ ದಾರಿಯತ್ತ ಮುಖ ಮಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕರಿಗಡಬಿನ ಡಬ್ಬಿಯ ಮುಚ್ಚಳ ಸಹ ತೆರೆಯಲಿಲ್ಲ. ಆದರೆ ಸುವರ್ಣಾಳ ಕೈ ಬಾಗಿಲ ಮೇಲಿನ ಹಿಡಿಯನ್ನು ಹಿಡಿದುಕೊಂಡಿತ್ತು, ಬೆರಳುಗಳು ಬೆಳ್ಳಗಾಗಿದ್ದವು. ಅವಳು ಅಂದಳು, "ನಿಮಗಿಂತ ಗಾಡಿಗೆ ಬುದ್ಧಿ ಜಾಸ್ತಿ ಐತಿ. ಮನಿ ಕಡೆ ಮಾರಿ ಮಾಡಿ ನಿಂತೈತಿ."

ಹೇಳಿ ಇಳಿದಳು. ಡಬ್ಬಿ ಹಿಡಿದು ರಸ್ತೆಯ ಬದಿಗೆ ನಿಂತು, ಬಂದ ಬಸ್ಸಿಗೆ ಕೈಮಾಡಿ, ಮುದ್ದೇಬಿಹಾಳಕ್ಕೆ ಹೋದಳು. ನಾನು ಖಾಲಿ ಕಾರಿನಲ್ಲಿ ಬಸ್ಸಿನ ಹಿಂದೆ ಹೋದೆ. ಅಂದು ಸಂಜೆ ಮನೆಯಲ್ಲಿ ಅವಳು ಬೈಯಲಿಲ್ಲ, ಒಂದೇ ಮಾತು ಹೇಳಿದಳು: "ಮದಲ ಟೈರ್ ಬದಲಿ ಮಾಡ್ರಿ. ಆಮ್ಯಾಲ ಒಂದು ಮಳಿ ಆಗಲಿ. ಅವತ್ತ ನಾ ಗಾಡ್ಯಾಗ ಕೂಡ್ತೇನಿ. ಅಲ್ಲೀತನಕ ಕೂಡಂಗಿಲ್ರಿ."

ಇದರ ತೂಕ ನಿಮಗೆ ತಿಳಿಯಬೇಕಾದರೆ ನಮ್ಮ ದಿನಚರಿ ಹೇಳಬೇಕು. ಸುವರ್ಣಾ ಮಸೂತಿಯ ಸಾಲಿಯಲ್ಲಿ ಶಿಕ್ಷಕಿ. ನನ್ನ ಕಚೇರಿಯ ದಾರಿಯಲ್ಲೇ ಆ ಊರು. ದಿನಾ ಬೆಳಿಗ್ಗೆ ಅರ್ಧ ತಾಸು ನಾವಿಬ್ಬರೇ. ಮನೆಯಲ್ಲಿ ಒಲೆ, ನಲ್ಲಿ, ಫೋನು, ನೆರೆಯವರು ಎಂದು ಮಾತಿಗೆ ಬಿಡುವಿಲ್ಲ. ಯಾವ ಹುಡುಗಿ ಕಾಗುಣಿತ ಕಲಿತಳು, ಹೆಡ್‌ಮಾಸ್ತರರಿಗೆ ಯಾಕೆ ಸಿಟ್ಟು ಬಂತು, ಬಿಸಿಯೂಟದ ಸಾಂಬಾರು ಹೇಗಿತ್ತು, ಎಲ್ಲ ನನಗೆ ಗೊತ್ತಾಗುತ್ತಿದ್ದುದು ಆ ಅರ್ಧ ತಾಸಿನಲ್ಲಿ. ಈಗ ಅವಳು ಬಸ್ಸಿನಲ್ಲಿ, ನಾನು ಅದರ ಹಿಂದೆ ಕಾರಿನಲ್ಲಿ. ಬಸ್ಸಿನ ಕಿಟಕಿಯಲ್ಲಿ ಅವಳು ಪಕ್ಕದವರ ಜೊತೆ ಕೈಯಾಡಿಸುತ್ತ ಮಾತಾಡುವುದು ಕಾಣುತ್ತಿತ್ತು. ನನಗೆ ಹೇಳಬೇಕಾದ ಸುದ್ದಿಯನ್ನೆಲ್ಲ ಯಾರೋ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಕಂಡಕ್ಟರ್ ನನ್ನ ಕಾರಿನ ಬಳಿ ಬಂದು, "ಸರ, ಮನ್ಯಾಗ ಏನರ ಜಗಳ ಆಗೈತೇನ್ರಿ?" ಎಂದು ಕಾಳಜಿಯಿಂದ ಕೇಳಿದ. ಜಗಳವಾಗಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ. ನನಗೆ ನಿಜವಾಗಿ ಒಂಟಿತನ ಕಾಡತೊಡಗಿತ್ತು.

ಸರಿ, ಟೈರು ಕೊಳ್ಳುವುದೆಂದು ನಿರ್ಧರಿಸಿ ಕಚೇರಿಯಲ್ಲಿ ಬಾಯಿಬಿಟ್ಟೆ. ಅದೊಂದು ತಪ್ಪು. ಸಿಂದಗಿಯ ಸಹೋದ್ಯೋಗಿ ಅಗಲ ಟೈರೇ ಬೇಕೆಂದ, ಇನ್ನೊಬ್ಬ ಅಗಲವಾದಷ್ಟೂ ನೀರಿನ ಮೇಲೆ ತೇಲುತ್ತದೆ, ಸಣ್ಣದೇ ಇರಲಿ ಎಂದ. ಇಬ್ಬರಿಗೂ ಇರುವುದು ಮೋಟಾರ್ ಸೈಕಲ್. ರಾತ್ರಿ ಮೊಬೈಲಿನಲ್ಲಿ ನೋಡಿದರೆ ಯಾವುದೋ ದೇಶದ ಒಬ್ಬ ಹಿಮ ಬಿದ್ದ ರಸ್ತೆಯಲ್ಲಿ ಕಾರು ಓಡಿಸಿ ತೋರಿಸುತ್ತಿದ್ದ. ಎರೆ ರಾಡಿಯ ಬಗ್ಗೆ ಅವನಿಗೇನೂ ಗೊತ್ತಿದ್ದಂತೆ ಕಾಣಲಿಲ್ಲ. ಕೊನೆಗೆ ಮಾವನವರಿಗೆ, ಅಂದರೆ ಸುವರ್ಣಾಳ ತಂದೆಗೆ, ಫೋನು ಮಾಡಿದೆ. ನಮ್ಮ ಕಡೆ ಎತ್ತು ಕೊಳ್ಳುವಾಗ ಒಬ್ಬ ಹಿರಿಯರನ್ನು ಕರೆದೊಯ್ಯುವ ರೂಢಿ ಇದೆ. ಟೈರಿಗೂ ಆ ರೂಢಿ ಹೊಂದುತ್ತದೆಯೋ ಇಲ್ಲವೋ ಎಂದು ನಾನು ಯೋಚಿಸಲಿಲ್ಲ. ಮಾವನವರು ಇಂಡಿ ಪಟ್ಟಣದ ಹತ್ತಿರದ ಹಳ್ಳಿಯವರು, ನಿಂಬೆ ತೋಟ ಇದೆ, ಎತ್ತಿನ ಪರೀಕ್ಷೆಯಲ್ಲಿ ಸುತ್ತ ನಾಲ್ಕು ಹಳ್ಳಿಗೆ ಹೆಸರಾದವರು. ಮರುದಿನವೇ ಒಂದು ಚೀಲ ನಿಂಬೆಹಣ್ಣಿನೊಂದಿಗೆ ಬಸ್ಸಿಳಿದರು.

ಟೈರಿನ ಅಂಗಡಿಯಲ್ಲಿ ಅವರು ಮೊದಲು ಮಾಡಿದ ಕೆಲಸ ಒಂದು ಟೈರನ್ನು ಹೊರಗೆ ತರಿಸಿದ್ದು. "ಒಂದೀಟು ನಡಿಸಿ ತೋರ್ಸಪಾ" ಎಂದರು. ಅಂಗಡಿಯವ ತಾಳ್ಮೆಯ ಮನುಷ್ಯ. ಟೈರನ್ನು ಅಂಗಳದಲ್ಲಿ ಉರುಳಿಸುತ್ತ ಆ ಕಡೆ ಹೋಗಿ ಈ ಕಡೆ ಬಂದ. ಮಾವನವರು ಕಣ್ಣು ಕಿರಿದು ಮಾಡಿ ಅದರ ನಡಿಗೆ ನೋಡಿದರು. ಆಮೇಲೆ ಕೂತು ಅದರ ಮೇಲಿನ ಗೆರೆಗಳಲ್ಲಿ ಬೆರಳು ಆಡಿಸಿದರು. "ಇವು ಯಾತಕ್ಕ?" ಎಂದು ಕೇಳಿದಾಗ ಅಂಗಡಿಯವ, "ಯಜಮಾನರ, ನೀರು ಈ ಕಾಲುವಿ ಹಿಡದು ಹೊರಗ ಹೋಗತೈತ್ರಿ. ಕಾಲುವಿ ಆಳ ಇದ್ದಷ್ಟು ಮಳ್ಯಾಗ ಗ್ರಿಪ್ ಛಲೋ" ಎಂದ. ಮೂವತ್ತು ವರ್ಷ ಕಾಲುವೆ ನೋಡಿದ ನಾನು ಎಂಟು ವರ್ಷ ನನ್ನ ಟೈರಿನ ಕಾಲುವೆ ಹೂಳು ತುಂಬಿದೆಯೋ ಸವೆದಿದೆಯೋ ಎಂದು ಒಮ್ಮೆಯೂ ನೋಡಿರಲಿಲ್ಲ. ಮಾವನವರು ನನ್ನತ್ತ ತಿರುಗಿ, "ಎತ್ತಿನ ಗೊರಸು ಯಾಕ ಸೀಳಿರತೈತಿ ಹೇಳ್ರಿ ಅಳಿಯಾರ? ರಾಡಿ ನಡಬರಕ ಹಾದು ಹೋಗಲಿ ಅಂತ" ಎಂದರು.

ಆಮೇಲೆ ವಯಸ್ಸಿನ ಪ್ರಶ್ನೆ ಬಂತು. ಅಂಗಡಿಯವ ಟೈರಿನ ಪಕ್ಕದಲ್ಲಿ ಒತ್ತಿದ್ದ ನಾಲ್ಕು ಅಂಕಿ ತೋರಿಸಿ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ, ತೀರ ಹಳೆಯ ಟೈರು ಹೊಸದಾಗಿ ಕಂಡರೂ ರಬ್ಬರು ಗಟ್ಟಿಯಾಗಿರುತ್ತದೆ ಎಂದ. ಮಾವನವರಿಗೆ ಇದು ಬಹಳ ಹಿಡಿಸಿತು. "ಹುಟ್ಟಿದ ವಾರಾನೂ ಬರದಾರ. ಎತ್ತಿನಂಗ ಹಲ್ಲು ನೋಡಿ ವಯಸ್ಸು ಹೇಳೂ ತ್ರಾಸ ಇಲ್ಲ ನೋಡ್ರಿ" ಎಂದು ಕನ್ನಡಕ ಹಾಕಿಕೊಂಡು ನಾಲ್ಕೂ ಟೈರುಗಳ ಜಾತಕ ಓದಿದರು. ಹೆಬ್ಬೆರಳಿನಿಂದ ನಿಂಬೆಹಣ್ಣು ಒತ್ತಿದಂತೆ ಒತ್ತಿಯೂ ನೋಡಿದರು. ಕೊನೆಗೆ ಎರಡು ಬಗೆ ಉಳಿದವು. ಒಂದು ಗಟ್ಟಿ ರಬ್ಬರಿನದು, ಬಹಳ ವರ್ಷ ಬರುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ. ಇನ್ನೊಂದು ಮೆತ್ತಗಿನದು, ಮಳೆಯಲ್ಲಿ ನೆಲ ಬಿಡುವುದಿಲ್ಲ, ಆದರೆ ಬೇಗ ಸವೆಯುತ್ತದೆ. ನನ್ನ ಕೈ ತಾನಾಗಿಯೇ ಗಟ್ಟಿ ರಬ್ಬರಿನ ಕಡೆ ಹೋಯಿತು. ಬೇಗ ಸವೆಯುವ ವಸ್ತುವನ್ನು ತಿಳಿದೂ ತಿಳಿದೂ ಕೊಳ್ಳುವುದು ನನ್ನ ರಕ್ತದಲ್ಲಿಲ್ಲ. ಮಾವನವರು ನನ್ನ ಕೈಯನ್ನೇ ನೋಡುತ್ತಿದ್ದರು. "ಅಳಿಯಾರ, ಟೈರ್ ಸವದ್ರ ಮತ್ತ ಸಿಗ್ತಾವು" ಎಂದು ಮೆಲ್ಲಗೆ ಹೇಳಿದರು. ಮುಂದಿನ ಮಾತು ಅವರು ಹೇಳಲಿಲ್ಲ. ನಾನು ಕೈ ಹಿಂದೆ ತೆಗೆದುಕೊಂಡೆ.

ಮೆತ್ತಗಿನ ನಾಲ್ಕು ಟೈರು ಹಾಕಿಸಿದ ಮೇಲೆ ಮಾವನವರು ತಮ್ಮ ತೋಟದ ನಾಲ್ಕು ನಿಂಬೆಹಣ್ಣನ್ನು ನಾಲ್ಕು ಗಾಲಿಯ ಕೆಳಗಿಟ್ಟು, ಹತ್ತಿಸಿ ಮುಂದೆ ಹೋಗಲು ಹೇಳಿದರು. ಹಣ್ಣು ಪಚಕ್ಕೆಂದವು. ಅವರು ಕಾಣದಂತೆ ನಾನು ಒದ್ದೆ ಬಟ್ಟೆಯಿಂದ ಟೈರು ಒರೆಸಿದೆ. ಹುಳಿ ಹೊಸ ರಬ್ಬರನ್ನು ತಿನ್ನಬಹುದೇನೋ ಎಂಬ ಭಯ.

ಮಾವನವರು ಊರಿಗೆ ಹೋದರು. ಸುವರ್ಣಾ ಟೈರುಗಳನ್ನು ಸುತ್ತು ಹಾಕಿ ನೋಡಿ, "ಛಲೋ ಅದಾವು. ಮಳಿ ಆಗಲಿ" ಎಂದು ಬಸ್ಸಿಗೆ ಹೋದಳು. ಮಳೆ ಮಾತ್ರ ಬರಲಿಲ್ಲ. ದಿನಾ ಬೆಳಿಗ್ಗೆ ಎದ್ದು ಆಕಾಶ ನೋಡುವುದು ನನ್ನ ಕೆಲಸವಾಯಿತು. ಮೋಡ ಕಟ್ಟುವುದು, ಗಾಳಿ ಬೀಸುವುದು, ಮೋಡ ಸೊಲ್ಲಾಪುರದ ಕಡೆ ಹೋಗಿಬಿಡುವುದು. ಆ ವಾರಗಳಲ್ಲಿ ನಾನು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದೆ ಎಂಬುದನ್ನು ಮುಚ್ಚಿಡಬಾರದು. ಹೊಸ ಟೈರಿನ ಮೇಲೆ ಸಣ್ಣ ಸಣ್ಣ ರಬ್ಬರಿನ ಕೂದಲು ಇರುತ್ತವಲ್ಲ, ಅವು ಉದುರದಂತೆ ಕಲ್ಲು ತಪ್ಪಿಸಿ ಓಡಿಸುತ್ತಿದ್ದೆ. ಸಂಜೆ ಬಂದು ಹಳೆಯ ಬನಿಯನ್ನಿನಿಂದ ಧೂಳು ಒರೆಸುತ್ತಿದ್ದೆ. ಟೈರುಗಳ ಮೇಲೆ ನನಗೆ ಮೋಹ ಬೆಳೆದಿತ್ತು.

ಕೊನೆಗೊಂದು ಬೆಳಿಗ್ಗೆ ಎದ್ದರೆ ಮಳೆ. ಹದವಾಗಿ, ಎಡಬಿಡದೆ ಬೀಳುತ್ತಿತ್ತು. ನಲ್ಲಿ ಪೈಪಿಗೆಂದು ಅಗೆದು ಬಿಟ್ಟಿದ್ದ ನಮ್ಮ ಓಣಿ ಪೂರ್ತಿ ಕರಿ ರಾಡಿಯಾಗಿತ್ತು. ನಾನು ಬಾಗಿಲಲ್ಲಿ ನಿಂತು ರಾಡಿ ನೋಡಿದೆ, ತಗಡಿನ ಶೆಡ್ಡಿನ ಕೆಳಗೆ ಕರ್ರಗೆ ಹೊಳೆಯುತ್ತಿದ್ದ ಟೈರು ನೋಡಿದೆ. ಆಮೇಲೆ ಏನಾಯಿತೆಂದು ನನಗೂ ಸರಿಯಾಗಿ ಹೇಳಲು ಬಾರದು. ಪ್ಯಾಂಟು ಮೊಣಕಾಲಿಗೆ ಮಡಚಿದೆ, ಚಪ್ಪಲಿ ಕೈಗೆ ತೆಗೆದುಕೊಂಡೆ, ಕೊಡೆ ಬಿಚ್ಚಿ ಬಸ್ ಸ್ಟ್ಯಾಂಡಿನತ್ತ ನಡೆಯತೊಡಗಿದೆ. ಹಿಂದಿನಿಂದ ಸುವರ್ಣಾಳ ದನಿ ಬಂತು.

"ಎಲ್ಲಿ ಹೊಂಟೀರಿ?"

ತಿರುಗಿ ನೋಡಿದೆ. ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು, ಬುತ್ತಿ ಚೀಲ ಹಿಡಿದು, ಕಾರಿನ ಎಡಗಡೆಯ ಬಾಗಿಲ ಬಳಿ ನಿಂತಿದ್ದಳು.

"ಬಸ್ಸಿಗೆ" ಎಂದೆ.

"ಗಾಡಿ ಯಾಕ ಬ್ಯಾಡ?"

"ರಾಡಿ ಐತೆಲಾ."

ಅವಳು ಟೈರು ನೋಡಿದಳು. ನನ್ನ ಕೈಯಲ್ಲಿನ ಚಪ್ಪಲಿ ನೋಡಿದಳು. "ಈ ಟೈರ್ ಯಾತಕ್ಕ ತಂದೀರಿ?" ಎಂದು ಕೇಳಿದಳು. ಸಾಲಿಯಲ್ಲಿ ದಡ್ಡ ಹುಡುಗರನ್ನು ಕೇಳುವ ಸಮಾಧಾನದ ದನಿ ಅದು.

"ಮಳಿಗೆ" ಎಂದೆ. ನನ್ನ ಉತ್ತರ ನನ್ನ ಕಿವಿಗೇ ಬಿದ್ದಾಗ ನಾಚಿಕೆಯಾಯಿತು. ಅವಳು ನಗಲಿಲ್ಲ. ಬಾಗಿಲು ತೆಗೆದು ಒಳಗೆ ಕೂತಳು. ಎಷ್ಟೋ ದಿನಗಳ ಮೇಲೆ ಆ ಸೀಟಿನ ಪ್ಲಾಸ್ಟಿಕ್ ಕಿರುಗುಟ್ಟಿತು. ವಾಪಸು ಬಂದು, ನಲ್ಲಿಯ ಕೆಳಗೆ ಕಾಲು ತೊಳೆದು, ಕಾರು ತೆಗೆದೆ.

ಅಂದಿನಷ್ಟು ಸಾವಕಾಶವಾಗಿ ನಾನು ಜೀವಮಾನದಲ್ಲಿ ಕಾರು ಓಡಿಸಿಲ್ಲ. ನಮ್ಮ ದಿನದ ಬಸ್ಸು ನಮ್ಮನ್ನು ದಾಟಿ ಹೋಯಿತು. ಕಂಡಕ್ಟರ್ ಹಿಂದಿನ ಬಾಗಿಲಿನಿಂದ ಬಗ್ಗಿ ನೋಡಿ, ಜಗಳ ಮುಗಿದದ್ದಕ್ಕೆ ಕೈಯೆತ್ತಿದ. ಮಸೂತಿಯ ಹತ್ತಿರ ಟ್ರ್ಯಾಕ್ಟರ್ ಮಣ್ಣು ಚೆಲ್ಲಿದ್ದ ತಿರುವು ಬಂತು. ಸುವರ್ಣಾಳ ಕೈ ಮೇಲಿನ ಹಿಡಿಗೆ ಹೋಯಿತು. ನಾನು ದೂರದಿಂದಲೇ ಮೆಲ್ಲಗೆ ಬ್ರೇಕ್ ಒತ್ತಿದೆ. ಕಾರು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಅವಳ ಕೈ ಕೆಳಗಿಳಿದು ಮಡಿಲಿಗೆ ಬಂತು. "ಮದಲಿನ ಹೆಡ್‌ಮಾಸ್ತರ ಬದಲಾದ್ರು, ಹೇಳಿದ್ನೇನು ನಿಮಗ?" ಎಂದು ಶುರು ಮಾಡಿದಳು. ಹೇಳಿರಲಿಲ್ಲ. ಸಾಲಿಯ ಗೇಟು ಬರುವತನಕ ನನಗೆ ಬಾಕಿ ಇದ್ದ ಸುದ್ದಿಯೆಲ್ಲ ಸಿಕ್ಕಿತು.

ಇಳಿಯುವಾಗ ತಡೆಯಲಾರದೆ ಕೇಳಿದೆ, "ಹೆಂಗದಾವ ಟೈರು?"

"ಟೈರಿಂದು ನನಗೇನ್ ತಿಳೀತೈತಿ? ನೀವು ಸಾವಕಾಶ ಹೊಡದ್ರಿ, ಅದು ತಿಳೀತು."

"ನಿನ್ನ ಸಲುವಾಗಿ ಹೊಡದ್ನಿ" ಎಂದೆ, ಸ್ವಲ್ಪ ಎದೆಯುಬ್ಬಿಸಿ.

"ಸುಳ್ಳು ಹೇಳಬ್ಯಾಡ್ರಿ" ಎಂದಳು ಸುವರ್ಣಾ. "ಹಳೇ ಟೈರ್ ಇದ್ದಾಗೂ ಬಾಜೂಕ ನಾನ ಕುಂತಿದ್ನಿ. ಹೊಸಾವು ಟೈರ್ ಅದಾವು, ಹೆಂಡ್ತಿ ಹಳೇಕಿ ಅದಾಳ." ಕೊಡೆ ಬಿಚ್ಚಿಕೊಂಡು ಎರಡು ಹೆಜ್ಜೆ ಹೋಗಿ, ಮತ್ತೆ ತಿರುಗಿ, "ಇರ್ಲಿ ಬಿಡ್ರಿ. ಅವು ಹೊಸಾವು ಇರೂತನಕ ನಾ ದಿನಾ ಕೂಡ್ತೇನಿ" ಎಂದಳು.

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಎಂಟು ವರ್ಷ ಸೀಟನ್ನು ಕಾಯ್ದಿದ್ದೆ, ಸೀಟಿನಲ್ಲಿ ಕೂತವಳನ್ನು ಕಾಯ್ದಿರಲಿಲ್ಲ. ಅಂದು ಸಂಜೆ ಟೈರು ತೊಳೆಯುವ ಮುಂಚೆ ಕಾರಿನ ಬಾಗಿಲು ತೆಗೆದು ಅವಳ ಸೀಟಿನ ಪ್ಲಾಸ್ಟಿಕ್ಕನ್ನು ಚರ್ರನೆ ಹರಿದು ಹೊರಗೆ ಹಾಕಿದೆ. ಒಳಗಿನ ಬಟ್ಟೆ ಶೋರೂಮಿನಿಂದ ಬಂದ ದಿನ ಹೇಗಿತ್ತೋ ಹಾಗೇ ಇತ್ತು. ಹಿಂದಿನ ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ. ಒಮ್ಮೆಗೇ ಅಷ್ಟು ಧೈರ್ಯ ಬರುವುದಿಲ್ಲ. ಅಲ್ಲದೆ ಅಲ್ಲಿ ಕೂಡುವವರು ಮಾವನವರು, ಅವರ ಕೈಯಲ್ಲಿ ಯಾವಾಗಲೂ ನಿಂಬೆಹಣ್ಣಿನ ಚೀಲ ಇರುತ್ತದೆ.