ಹಾಡು ಮುಗಿಯುವವರೆಗೆ ಎತ್ತಬೇಡಿ

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂರುವ ಗುಮಾಸ್ತನನ್ನು ಎಲ್ಲರೂ ‘ಹಲೋ’ ಎಂದೇ ಕರೆಯುತ್ತಿದ್ದರು. ದಿನವಿಡೀ ಅವನ ಬಾಯಿಂದ ಹೊರಡುತ್ತಿದ್ದುದು ಹೆಚ್ಚುಕಡಿಮೆ ಅದೊಂದೇ ಮಾತು. ಆ ಸೋಮವಾರ ಅವನಿಗೆ ವಕ್ಕರಿಸಿದ ಗ್ರಹಚಾರಕ್ಕೆ ಕಾರಣ ಸಾಹೇಬರಿಗೆ ಹೊಳೆದ ಒಂದು ಒಳ್ಳೆಯ ಯೋಚನೆ. ಫೋನು ಮಾಡಿದವರಿಗೆ, ಯಾರಾದರೂ ಎತ್ತುವ ತನಕ ಕೇಳಿಸುತ್ತಿದ್ದ ‘ಟುಂಯ್ ಟುಂಯ್’ ಸದ್ದು ತೆಗೆಸಿ, ಅವರು ಹಳೆಯ ಜನಪದ ತಂಡವೊಂದರ ಆಯ್ದ ಹಾಡುಗಳನ್ನು ಹಾಕಿಸಿದ್ದರು. ಮೂವರು ಅಣ್ಣತಮ್ಮಂದಿರು, ಒಬ್ಬಳು ತಂಗಿ ಸೇರಿ ಹಾಡಿದ್ದು. ಅಪ್ಪನ ಕಾಲದ ಹಾಡು, ಈಗ ಯಾರು ಕೇಳ್ತಾರೆ ಎಂದುಕೊಂಡಿದ್ದ ಹಲೋ.

ಬೆಳಗಿನ ಮೊದಲ ಫೋನನ್ನು ಅವನು ತಕ್ಷಣ ಎತ್ತಿದ.

“ಹಲೋ, ದೂರು ವಿಭಾಗ.”

“ಅಯ್ಯೋ, ಇಷ್ಟು ಬೇಗ ಯಾಕಪ್ಪಾ ಎತ್ತಿದೆ?” ಯಾರೋ ಅಜ್ಜಿಯ ದನಿ. “ಹಾಡಲ್ಲಿ ಅಂಬಿಗ ಇನ್ನೂ ಹೊಳೆ ಮಧ್ಯದಲ್ಲಿದ್ದ!”

“ನಿಮ್ಮ ದೂರೇನಮ್ಮಾ?”

“ಇದೇ ದೂರು! ಇಡು, ಮತ್ತೆ ಮಾಡ್ತೀನಿ. ನೀನು ಮಾತ್ರ ಎತ್ತಬೇಡ.”

ಮುಂದಿನದು ಯಾರೋ ಎಳೆಗೂಸಿನ ತಂದೆ. “ಸಾರ್, ಸ್ವಲ್ಪ ಮೆಲ್ಲಗೆ. ಜೋಗುಳ ಕೇಳಿ ಮಗು ಈಗಷ್ಟೇ ಕಣ್ಣು ಮುಚ್ಚಿತ್ತು. ನಿಮ್ಮ ಹಲೋ ಕೇಳಿ ಎದ್ದುಬಿಡ್ತು ನೋಡಿ.” ಹಿಂದಿನಿಂದ ಮಗು ಸೈರನ್ನಿನಂತೆ ಕೂಗುತ್ತಿತ್ತು. ಅದಾದ ಮೇಲೆ ಯಾರೋ ಗಂಡ-ಹೆಂಡತಿ. ಆ ಎತ್ತರದ ದನಿ ತಂಗಿಯದೋ ಕಿರಿ ತಮ್ಮನದೋ, ನೀವೇ ತೀರ್ಮಾನ ಹೇಳಿ ಎಂದು ಇಬ್ಬರೂ ಒಟ್ಟಿಗೆ ಕಿರುಚಿದರು. ತಂಗಿಯದು ಎಂದದ್ದಕ್ಕೆ ಗಂಡ ಬೈದ. ಗೊತ್ತಿಲ್ಲ ಎಂದದ್ದಕ್ಕೆ ಹೆಂಡತಿ ಬೈದಳು.

ಮಧ್ಯಾಹ್ನದ ಹೊತ್ತಿಗೆ ಹಲೋನ ಬಲಗಿವಿ ಇಸ್ತ್ರಿ ಪೆಟ್ಟಿಗೆಯಷ್ಟು ಬಿಸಿಯಾಗಿತ್ತು. ನೀರಿನ ದೂರು ಒಂದೂ ಬಂದಿರಲಿಲ್ಲ.

“ಆ ಹಾಡು ತೆಗೆದು ಹಾಕಿ, ನೆಮ್ಮದಿಯಾಗಿರಿ,” ಎಂದಳು ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕ.

“ಆ ಹಾಡಿನ ಪೆಟ್ಟಿಗೆ ಹಿಂದೆ ಕೆಂಪು ಗುಂಡಿ ಇದೆ, ಒತ್ತಿದ್ರೆ ಮುಗೀತು,” ಎಂದು ಉಗ್ರಾಣದವನು ತಾನೇ ಬಗ್ಗಿ ತೋರಿಸಿದ.

ಹಲೋ ಒತ್ತಿದ. ಹಾಡು ನಿಂತಿತು, ಫೋನು ಬರುವುದೂ ನಿಂತಿತು. ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಆ ಸುಖ ಬಹಳ ಹೊತ್ತು ಉಳಿಯಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದಾಯಿತು. ನೋಡುವಷ್ಟರಲ್ಲಿ ಕಿಟಕಿ ತುಂಬ ಮುಖಗಳು.

“ನಮ್ಮ ಹಾಡು ಎಲ್ಲಿ?”

“ನೀರು ನಿಲ್ಸಿದ್ರಿ, ಸುಮ್ಮನಿದ್ವಿ. ಹಾಡೂ ನಿಲ್ಸಿದ್ರೆ ಹೇಗ್ರೀ?”

“ನಾನು ಆಗ್ಲೇ ಬೇಡ ಅಂದೆ, ಇವರು ಕೇಳಲಿಲ್ಲ,” ಎಂದು ಟೈಪಿಸ್ಟ್ ಅಕ್ಕ ಜನರ ಕಡೆ ತಿರುಗಿ ಹೇಳಿದಳು. ಉಗ್ರಾಣದವನು ಅಷ್ಟರಲ್ಲಿ ಉಗ್ರಾಣ ಸೇರಿದ್ದ.

ಗಲಾಟೆ ಕೇಳಿ ಸಾಹೇಬರೇ ಹೊರಗೆ ಬಂದರು. “ಪೈಪು ಒಡೆದು ರಸ್ತೆಯೆಲ್ಲ ಹೊಳೆಯಾದಾಗ್ಲೂ ಇಷ್ಟು ಜನ ಬಂದಿರ್ಲಿಲ್ಲ ಕಣ್ರೀ!”

“ಸಾರ್, ನಿಜವಾದ ದೂರು ತಗೊಳ್ಳೋಕೇ ಆಗ್ತಿಲ್ಲ…”

“ಮೊದಲು ಹಾಡು ಹಾಕಿ. ಇನ್ಮೇಲೆ ಹಾಡು ಮುಗಿಯೋವರೆಗೂ ನೀವು ಫೋನ್ ಎತ್ತಕೂಡದು.”

ಮಧ್ಯಾಹ್ನವೆಲ್ಲ ಹಲೋ ಕೈ ಕಟ್ಟಿಕೊಂಡು, ಬೇರೆಯವರ ಮನೆಯ ಮಗು ಅಳುವುದನ್ನು ನೋಡುತ್ತ ಕೂತ ನೆಂಟನಂತೆ, ಬಡಿದುಕೊಳ್ಳುವ ಫೋನಿನ ಮುಂದೆ ಕೂತ. ಎತ್ತುವ ಹೊತ್ತಿಗೆ ಅತ್ತಲಿನವರು ಇಟ್ಟಿರುತ್ತಿದ್ದರು. ಸಂಜೆ ಹೊರಡುತ್ತೇನೆಂದು ಹೇಳಲು ಸಾಹೇಬರ ಕೋಣೆಯ ಬಾಗಿಲು ತೆರೆದರೆ, ಅವರು ರಿಸೀವರನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚಿ, ಸದ್ದು ಮಾಡದೆ ಹೋಗು ಎಂದು ಕೈ ಮಾಡಿದರು.

ಕಾಲೆಳೆದುಕೊಂಡು ಮನೆ ಸೇರಿದ ಹಲೋಗೆ ಬೇಕಾಗಿದ್ದುದು ಇಷ್ಟೇ: ತಲೆಯ ಮೇಲೆ ನಾಲ್ಕು ಚೆಂಬು ತಣ್ಣೀರು. ಬಚ್ಚಲಿಗೆ ಹೋಗಿ, ಮುಖಕ್ಕೆ ಸೋಪು ಹಚ್ಚಿ ನಲ್ಲಿ ತಿರುಗಿಸಿದ. ನಲ್ಲಿ ‘ಗೊರ್’ ಎಂದು ಗಂಟಲು ಸರಿಮಾಡಿಕೊಂಡು ಸುಮ್ಮನಾಯಿತು.

“ನೀರು ಯಾವಾಗ ಹೋಯ್ತು?”

“ಬೆಳಗ್ಗೇನೇ,” ಎಂದಳು ಹೆಂಡತಿ.

“ನಮ್ಮ ಆಫೀಸಿಗೆ ಒಂದು ಫೋನ್ ಮಾಡೋಕೇನಾಗಿತ್ತು?”

ಹೆಂಡತಿ ಪಕ್ಕದಲ್ಲೇ ಕೂತಿದ್ದ ತನ್ನ ತಾಯಿಯ ಮುಖ ನೋಡಿದಳು. ಅತ್ತೆ ಸೆರಗು ಸರಿಮಾಡಿಕೊಂಡರು. “ಮಧ್ಯಾಹ್ನ ಮಾಡಿದ್ವಿ ಅಳಿಯಂದ್ರೇ. ದೂರು ಕೊಡೋಕೇ ಮಾಡಿದ್ದು. ಅಷ್ಟರಲ್ಲಿ ಆ ಮದುಮಗಳ ಹಾಡು ಬಂತು. ಅದು ಮುಗೀತಿದ್ದ ಹಾಗೇ ಇಟ್ಟು, ಇನ್ನೊಂದು ಕೇಳೋಣ ಅಂತ ಮತ್ತೆ ಮಾಡಿದ್ವಿ. ಹೀಗೇ ಮಾಡ್ತಾ ಮಾಡ್ತಾ ಯಾಕೆ ಮಾಡಿದ್ದು ಅನ್ನೋದೇ ಮರೆತುಹೋಯ್ತು.”

ಬಾಗಿಲು ಬಡಿದ ಸದ್ದಾಯಿತು. ಕೆಳಮನೆಯ ಯಜಮಾನರು ಖಾಲಿ ಬಕೆಟ್ ಹಿಡಿದು ನಿಂತಿದ್ದರು, ಹಿಂದೆ ಬೀದಿಯ ಇನ್ನಷ್ಟು ಜನ, ಇನ್ನಷ್ಟು ಬಕೆಟ್.

“ನೀರಿನ ಇಲಾಖೆಯವರು ಇರೋ ಬೀದೀಲೇ ನೀರಿಲ್ಲ ಅಂದ್ರೆ ಏನ್ರೀ? ನಮ್ಮೆದುರಿಗೇ ಫೋನ್ ಮಾಡಿ. ಎಲ್ಲರೂ ಕೇಳೋ ಹಾಗೆ!”

ಕಣ್ಣಿಗಿಳಿದ ಸೋಪು ಉರಿಯುತ್ತಿತ್ತು. ಹಲೋ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ಸ್ಪೀಕರ್ ಹಾಕಿ, ದೂರು ವಿಭಾಗದ ನಂಬರು ಒತ್ತಿದ. ಹಾಡು ಶುರುವಾಯಿತು. ಒಂದು ಮುಗಿಯಿತು, ಎರಡನೆಯದು ಬಂತು. ಯಾರೂ ಎತ್ತಲಿಲ್ಲ. ಎತ್ತಬೇಕಾದವನು ಮುಖದ ತುಂಬ ನೊರೆ ಮೆತ್ತಿಕೊಂಡು ಇಲ್ಲೇ ನಿಂತಿದ್ದಾನೆ ಎಂಬುದು ಆಗ ಅವನಿಗೆ ಹೊಳೆಯಿತು.

“ಯಾರೂ ಎತ್ತಲ್ಲ ಅನ್ಸುತ್ತೆ…” ಎಂದು ಫೋನಿನತ್ತ ಕೈ ಚಾಚಿದ.

“ಶ್!” ಎಂದು ಕೆಳಮನೆಯವರು ಅವನ ಕೈ ತಡೆದು, ಬಕೆಟನ್ನು ಬೋರಲು ಹಾಕಿ ಅದರ ಮೇಲೆ ಕೂತರು. ಒಬ್ಬೊಬ್ಬರಾಗಿ ಉಳಿದವರೂ ಕೂತರು.