ಎಲ್ಲರಿಗೂ ಒಂದೇ ಗೆರೆ

ನಾನು ಪಕ್ಷಪಾತ ಮಾಡುವವನಲ್ಲ ಎಂದು ಎದೆ ತಟ್ಟಿಕೊಂಡು ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಭಯ. ಅವರ ಮೇಲೆ ಅನುಮಾನವೆಂದಲ್ಲ. ನಾನೂ ಬಹಳ ವರ್ಷ ಹಾಗೆಯೇ ಎದೆ ತಟ್ಟಿಕೊಂಡವನು. ಮನೆಯಲ್ಲಿ ಹೋಳಿಗೆ ಮಾಡಿದ ದಿನ ಹಂಚುವ ಅಧಿಕಾರ ನನ್ನದೇ ಎಂದುಕೊಂಡಿದ್ದೆ. ಬಾಯಲ್ಲಿ ಒಂದೂ ಹಲ್ಲಿಲ್ಲದ ನಮ್ಮ ತಾಯಿಗೂ ಎರಡು, ಬೆಳಗಿನಿಂದ ಸೈಕಲ್ಲು ತುಳಿದು ವಾಡಿಯಿಂದ ಬಂದ ಭಾವಮೈದುನನಿಗೂ ಎರಡು. ತಾಯಿ ಒಂದೂವರೆ ಬಿಡುತ್ತಿದ್ದರು, ಭಾವಮೈದುನ ಅರೆಹೊಟ್ಟೆಯಲ್ಲಿ ಏಳುತ್ತಿದ್ದ, ನನಗೆ ಮಾತ್ರ ನ್ಯಾಯ ಮಾಡಿದ ತೃಪ್ತಿಯಿಂದ ಹೊಟ್ಟೆ ತುಂಬುತ್ತಿತ್ತು. "ನಿಮ್ಮ ಸಮಪಾಲು ಶಾಲಿಯೊಳಗ ಇಟ್ಕೋರಿ, ಬಡಸೋದು ನನಗ ಬಿಡ್ರಿ" ಎಂದು ಹೆಂಡತಿ ಬುಟ್ಟಿ ಕಸಿದುಕೊಂಡಳು. ನಾನು ಆಕೆಯ ಮಾತನ್ನು ಅಕ್ಷರಶಃ ಪಾಲಿಸಿ, ಸಮಪಾಲನ್ನು ಶಾಲೆಗೆ ಒಯ್ದೆ.

ಆಗ ನಾನು ಚಿತ್ತಾಪುರದಲ್ಲಿ ಗಣಿತದ ಮಾಸ್ತರ. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರೇ ಇತ್ತು. ನಮ್ಮ ಶಾಲೆಯ ಡ್ರಿಲ್ ಮಾಸ್ತರರಿಗೆ ಚಿಂಚೋಳಿ ಕಡೆಗೆ ವರ್ಗವಾಗಿ, ಬದಲಿಗೆ ಯಾರೂ ಬಾರದೆ, ಅವರ ಸೀಟಿ ಒಂದು ತಿಂಗಳು ಗೋಡೆಯ ಮೊಳೆಗೆ ನೇತಾಡಿತು. ಒಂದು ದಿನ ಹೆಡ್ ಮಾಸ್ತರರು ಅದನ್ನು ತೆಗೆದು ನನ್ನ ಕೊರಳಿಗೆ ಹಾಕಿದರು. "ನಾನು ಓಡಿದವನಲ್ರಿ" ಎಂದೆ. "ನಿಮಗ ಯಾರು ಓಡು ಅಂದಾರ? ಊದ್ರಿ ಸಾಕು" ಎಂದರು. ನನ್ನ ಕ್ರೀಡಾ ಅರ್ಹತೆ ಅಷ್ಟೆ. ಮೊದಲ ದಿನ ಊದಿದಾಗ ಸೀಟಿಯಿಂದ ಶಬ್ದದ ಬದಲು ಒಂದು ಜೇಡ ಹೊರಬಂತು.

ಅದುವರೆಗೆ ನಮ್ಮಲ್ಲಿ ಹುಡುಗಿಯರ ಆಟವೆಂದರೆ ಚಮಚದಲ್ಲಿ ಲಿಂಬೆಹಣ್ಣು ಇಟ್ಟುಕೊಂಡು ನಡೆಯುವುದು, ಕುರ್ಚಿ ಸುತ್ತುವುದು, ಸೂಜಿಗೆ ದಾರ ಪೋಣಿಸುವುದು. ಆ ವರ್ಷ ಮೇಲಿನಿಂದ ಕಾಗದ ಬಂತು: ಹುಡುಗಿಯರಿಗೂ ಹುಡುಗರ ಸಮನಾಗಿ ಓಟದ ಪಂದ್ಯವಿರಬೇಕು, ಗೆದ್ದ ಒಬ್ಬಳನ್ನು ಗುಲ್ಬರ್ಗಕ್ಕೆ ಕಳಿಸಬೇಕು. 'ಸಮ' ಎಂಬ ಮಾತು ಕಂಡದ್ದೇ ನನಗೆ ಹುರುಪು ಬಂತು. ಆದರೆ ಊರ ಹಿರಿಯರು ಬಂದು ಗಂಟಲು ಸರಿಮಾಡಿಕೊಂಡರು. ಹುಡುಗರು ಮೈದಾನ ಸುತ್ತುವಾಗ ಒಬ್ಬರ ಮೇಲೊಬ್ಬರು ಬಿದ್ದು, ಅಂಗಿ ಜಗ್ಗಿ, ಒಳಗಿನ ಅಂಚಿಗೇ ನುಗ್ಗುತ್ತಾರೆ. ಹೆಣ್ಣುಮಕ್ಕಳು ಹಾಗೆ ತಳ್ಳಾಡಿದರೆ ಚೆಂದ ಕಾಣುತ್ತದೆಯೇ? ಆಗಲಿ ಎಂದು ನಾನು ಹುಡುಗಿಯರಿಗಾಗಿ ನಾಲ್ಕು ಬೇರೆ ಬೇರೆ ದಾರಿ ಹಾಕಿಸಿದೆ. ಶಹಾಬಾದಿನಿಂದ ತಂದ ಫರಸಿ ಕಲ್ಲಿನ ಪುಡಿ ಚೆಲ್ಲಿ, ಎರಡೆರಡು ಮೊಳ ಅಗಲದ ದಾರಿಗಳನ್ನು ಮೈದಾನದ ಸುತ್ತಲೂ ಎಳೆದದ್ದಾಯಿತು. ಯಾರೂ ತನ್ನ ದಾರಿ ಬಿಟ್ಟು ಹೋಗಬಾರದು. ಮರ್ಯಾದೆಯ ಏರ್ಪಾಡು ಮುಗಿಯಿತು, ಇನ್ನು ಸಮಾನತೆಯದು. ನಾಲ್ಕೂ ದಾರಿಗೆ ಅಡ್ಡಲಾಗಿ, ಹಗ್ಗ ಹಿಡಿದು, ನೆಟ್ಟಗೆ ಒಂದೇ ಗೆರೆ ಹಾಕಿದೆ. ಎಲ್ಲರೂ ಅಲ್ಲೇ ನಿಲ್ಲಬೇಕು, ಒಂದು ಸುತ್ತು ಓಡಿ ಅಲ್ಲಿಗೇ ಬರಬೇಕು. ಆ ಗೆರೆಯನ್ನು ನೋಡುತ್ತಾ ನಿಂತಾಗ ನನ್ನ ಕಣ್ಣು ತುಂಬಿ ಬಂತೆಂದರೆ ನೀವು ನಗಬಾರದು.

ಯಾರು ಯಾವ ದಾರಿಯಲ್ಲಿ? ಅದರಲ್ಲೂ ನಾನು ಕೈಹಾಕಲಿಲ್ಲ. ಓಡಲು ಮುಂದೆ ಬಂದ ನಾಲ್ವರನ್ನು ಹಾಜರಿ ಪುಸ್ತಕದಲ್ಲಿದ್ದ ಕ್ರಮದಲ್ಲೇ ನಿಲ್ಲಿಸಿದೆ. ಅದರಲ್ಲಿ ಮೊದಲ ಹೆಸರು ಪದ್ಮಾವತಿ. ಆಕೆ ನನ್ನ ಮಗಳು. ದಾಖಲಾತಿ ಶುರುವಾದ ಬೆಳಿಗ್ಗೆ ಪುಸ್ತಕ ಬಿಚ್ಚಿದವನು ನಾನೇ ಆದ್ದರಿಂದ ಮೊದಲ ಹೆಸರು ಆಕೆಯದಾದದ್ದು ಸಹಜ. ಕೊನೆಯ ಹೆಸರು ಮಾಣಿಕಮ್ಮ. ಆಕೆಯ ಅಪ್ಪ ಭೀಮಪ್ಪ ಮನೆಮನೆಗೆ ಫರಸಿ ಹಾಸುವವನು. ಕೆಲಸ ಮುಗಿಸಿಕೊಂಡು ಶಹಾಬಾದಿನಿಂದ ಬರುವಷ್ಟರಲ್ಲಿ ಶಾಲೆ ಶುರುವಾಗಿ ತಿಂಗಳಾಗಿತ್ತು. ಹೀಗೆ ಪದ್ಮಾ ಒಳಗಿನ ದಾರಿಯಲ್ಲಿ, ಮಾಣಿಕಮ್ಮ ಎಲ್ಲಕ್ಕೂ ಹೊರಗಿನದರಲ್ಲಿ ನಿಂತರು.

ಸೀಟಿ ಊದಿದೆ. ಈ ಸಲ ಜೇಡ ಬರಲಿಲ್ಲ. ಮಾಣಿಕಮ್ಮ ಕಾಲಿಗೆ ತೊಡರುವ ಪರಕಾರದ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದ ಓಟ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆದರೂ ಕೊನೆಗೆ ಒಂದು ಕೈಯಷ್ಟು ಅಂತರದಲ್ಲಿ ಪದ್ಮಾ ಮುಂದಿದ್ದಳು. ನಾನು ಮಗಳೆಂಬ ಸಂತೋಷವನ್ನು ನುಂಗಿಕೊಂಡು, ಬಹಳ ಗಂಭೀರವಾಗಿ ಫಲಿತಾಂಶ ಹೇಳಿದೆ. ಮಾಣಿಕಮ್ಮ ಏದುಸಿರು ಬಿಡುತ್ತಾ ಬಂದು ನಿಂತಳು.

"ಸರ್, ನಾ ಹೆಚ್ಚು ಓಡೀನ್ರಿ."

"ಹೆಚ್ಚು ಹೆಂಗ? ಎಲ್ಲಾರಿಗೂ ಗೆರಿ ಒಂದೇ ಅದ ಇಲ್ಲ?"

"ಗೆರಿ ಒಂದೇ ಅದರಿ. ಹಾದಿ ಒಂದೇ ಇಲ್ರಿ."

"ಸೋತವರು ಹಿಂಗ ನೆವ ಹೇಳಬಾರದು" ಎಂದು ನಾನು ಉಪದೇಶ ಮಾಡಿದೆ. ಆಕೆ ಅಳಲಿಲ್ಲ. ತಲೆ ತಗ್ಗಿಸಿ ಹೋದಳು. ಅಂದಹಾಗೆ ಈ ಹುಡುಗಿಗೆ ಅರ್ಧವಾರ್ಷಿಕ ಗಣಿತದಲ್ಲಿ ನಾನು ನೂರಕ್ಕೆ ಹನ್ನೊಂದು ಅಂಕ ಕೊಟ್ಟು, ಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ 'ವೃತ್ತ ಅರ್ಥವಾಗಿಲ್ಲ' ಎಂದು ಬರೆದಿದ್ದೆ.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಭೀಮಪ್ಪ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಕೆಲಸದ ನೂಲು, ಮೊಳಕ್ಕೊಂದು ಗಂಟು. "ಹುಡುಗಿ ಉಣ್ಣವಲ್ದರಿ ಸರ್. ಒಮ್ಮಿ ಅಳದು ತೋರಸ್ರಿ, ಬಾಯಿ ಮುಚ್ಕೊಂಡು ಸುಮ್ಮನಾಗ್ತಾಳ" ಎಂದ. ಹೋದೆವು. ಅವನು ಕುಕ್ಕರಗಾಲಲ್ಲಿ ಕೂತು, ನೂಲು ಸರಿಸುತ್ತಾ, ಮೊದಲು ಒಳಗಿನ ದಾರಿ ಅಳೆದ, ಆಮೇಲೆ ಹೊರಗಿನದು. ಎದ್ದು ನಿಂತು, ನೂಲು ಸುತ್ತಿಕೊಳ್ಳುತ್ತಾ, "ಮೂವತ್ತೆಂಟು ಮೊಳಕ್ಕ ಒಂದೀಟು ಕಡಿಮಿ, ಅಷ್ಟು ಹೆಚ್ಚಾತರಿ" ಎಂದ. ಆಮೇಲೆ ನನ್ನ ಮರ್ಯಾದೆ ಕಾಪಾಡಲು, "ನನ್ನ ನೂಲೇ ಜಗ್ಗಿರಬೇಕ್ರಿ ಸರ್" ಎಂದು ಸೇರಿಸಿದ.

ನೂಲು ಜಗ್ಗಿರಲಿಲ್ಲ. ಒಳಗಿನದಕ್ಕಿಂತ ಹೊರಗಿನದು ಮೂರು ದಾರಿ ಆಚೆ, ಎರಡೆರಡು ಮೊಳ, ಆರು ಮೊಳ. ಅದರ ಎರಡರಷ್ಟನ್ನು ಇಪ್ಪತ್ತೆರಡರಿಂದ ಗುಣಿಸಿ ಏಳರಿಂದ ಭಾಗಿಸಿದರೆ ಮೂವತ್ತೆಂಟಕ್ಕೆ ಸ್ವಲ್ಪ ಕಡಿಮೆ. ಹದಿನೆಂಟು ವರ್ಷ ಕಪ್ಪು ಹಲಗೆಯ ಮೇಲೆ ಬರೆದದ್ದು ಮೈದಾನದಲ್ಲಿ ಕಾಲ ಕೆಳಗೇ ಬಿದ್ದಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹುಡುಗಿಯರು ಮುಟ್ಟಿಕೊಳ್ಳಬಾರದೆಂದು ದಾರಿ ಬೇರೆ ಮಾಡಿದೆ, ಎಲ್ಲರೂ ಸಮವೆಂದು ಗೆರೆ ಒಂದೇ ಮಾಡಿದೆ. ಎರಡು ಒಳ್ಳೆಯ ಉದ್ದೇಶಗಳ ನಡುವೆ ಆ ಮಗು ಸಿಕ್ಕಿಬಿದ್ದಿತ್ತು.

ಮನೆಗೆ ಬಂದು ಹೇಳಿದಾಗ ಪದ್ಮಾ, "ನನಗೂ ಹಂಗೇ ಅನಸ್ತಪಾ. ಆಕಿ ಭಾಳ ದೂರಿಂದ ಸುತ್ತ ಹಾಕ್ಕೊಂಡು ಬರಲಿಕತ್ತಿದ್ಲು" ಎಂದಳು.

"ಮತ್ತ ಆಗೇ ಯಾಕ ಹೇಳಲಿಲ್ಲ?"

"ಗೆದ್ದಾಗ ಯಾರು ಹೇಳ್ತಾರಪಾ?"

ಹೆಂಡತಿ ಮಾತ್ರ ಕೆಂಡವಾದಳು. "ಗೆದ್ದ ಮಗಳನ್ನ ಸೋಲಸಲಿಕ್ಕ ಹೊಂಟ ಅಪ್ಪನ್ನ ಇವತ್ತೇ ನೋಡಿದೆ" ಎಂದು ಒಳಗೆ ಹೋದವಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಮರುದಿನ ಹೆಡ್ ಮಾಸ್ತರರನ್ನು ಒಪ್ಪಿಸಿ, ಮತ್ತೆ ಓಟವಿಟ್ಟೆ. ಈ ಸಲ ಅಳೆದು, ಮಾಣಿಕಮ್ಮನನ್ನು ಪದ್ಮಾಳಿಗಿಂತ ಮೂವತ್ತೆಂಟು ಮೊಳ ಮುಂದೆ ನಿಲ್ಲಿಸಿದೆ. ಮೈದಾನದಲ್ಲಿ ಗದ್ದಲವೋ ಗದ್ದಲ! "ಇದೇನ್ ಬೇಇನ್ಸಾಫಿ ರೀ ಮಾಸ್ತರ್ರ, ಒಬ್ಬಾಕಿ ಅಷ್ಟು ಮುಂದ?" ನಿನ್ನೆ ನಿಜವಾದ ಅನ್ಯಾಯವಾದಾಗ ಚಪ್ಪಾಳೆ ತಟ್ಟಿದ ಜನ ಇಂದು ನ್ಯಾಯ ಕಂಡು ಬೊಬ್ಬೆ ಹಾಕಿದರು. ನಾನು ಪರಿಧಿಯ ಸೂತ್ರ ವಿವರಿಸತೊಡಗಿದೆ. ಗದ್ದಲ ಇಮ್ಮಡಿಯಾಯಿತು. ಹೆಡ್ ಮಾಸ್ತರರು ಬೆವರು ಒರೆಸಿಕೊಳ್ಳುತ್ತಾ, "ನಿಲ್ಲಿಸಿಬಿಡ್ರಿ, ಮೊದಲಿಂದೇ ಖರೇ ಅಂತ ಬರೀರಿ" ಎಂದರು. ಗುಲ್ಬರ್ಗದ ದಾರಿ ಮಾಣಿಕಮ್ಮನ ಕಣ್ಣೆದುರೇ ಮುಚ್ಚುತ್ತಿತ್ತು. ಆಕೆ ನನ್ನ ಬಳಿ ಬಂದು ಸಣ್ಣ ದನಿಯಲ್ಲಿ ಹೇಳಿದಳು: "ಸರ್, ಸುತ್ತ ಬ್ಯಾಡ್ರಿ. ಸ್ಟೇಷನ್ ರಸ್ತಾ ನೆಟ್ಟಗ ಅದರಿ."

ಸ್ಟೇಷನ್ ರಸ್ತೆಯಲ್ಲಿ ಬೇವಿನ ಮರದಿಂದ ಬೇವಿನ ಮರಕ್ಕೆ ಓಡಿದರು. ಮಾಣಿಕಮ್ಮ ನಾಲ್ಕು ಮಾರು ಮುಂದಿದ್ದಳು. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ಪದ್ಮಾ. ನನ್ನ ಸೂತ್ರ ಯಾರಿಗೂ ಬೇಕಾಗಲಿಲ್ಲ.

ಗುಲ್ಬರ್ಗದಲ್ಲಿ ಆಕೆ ಮೂರನೆಯವಳಾಗಿ ಬಂದಳು. ಮರಳಿದ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಮುಖವೆಲ್ಲ ನಗುವಾಗಿ, "ಸರ್, ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗೆರಿ ಇತ್ರಿ. ಅಲ್ಲಿಯವರಿಗೆ ಗಣಿತ ಭಾಳ ಚಲೋ ಬರ್ತದರಿ" ಎಂದಳು. ಕುಹಕವಿರಲಿಲ್ಲ, ನನಗೆ ಸಂತೋಷವಾಗಲೆಂದೇ ಹೇಳಿದ್ದಳು.

ಆಕೆ ಹೋದ ಮೇಲೆ ಕಪಾಟು ತೆರೆದು ಆ ಹಳೆಯ ಪತ್ರಿಕೆ ಹುಡುಕಿದೆ. 'ವೃತ್ತ ಅರ್ಥವಾಗಿಲ್ಲ.' ಹೊಡೆದುಹಾಕಲೆಂದು ತೆಗೆದ ಪೆನ್ನನ್ನು ಮತ್ತೆ ಮುಚ್ಚಿಟ್ಟೆ. ಷರಾ ಸರಿಯಾಗಿಯೇ ಇತ್ತು. ಮೇಲಿದ್ದ ಹೆಸರು ಮಾತ್ರ ನನ್ನದಾಗಬೇಕಿತ್ತು.