ಎರಡೂ ಕಡೆ ಒಂದೇ ಅಂಚು

ಎಲ್ಲ ಅನಾಹುತಕ್ಕೂ ಮೂಲ ಅಜ್ಜೀಪುರದ ಆ ಹಳ್ಳ. ಕೊಳ್ಳೇಗಾಲದ ರೇಷ್ಮೆ ನೇಕಾರ ದೇವರಾಜ ಹೋದ ತಿಂಗಳು ತನ್ನ ಹಳೇ ಜೀಪನ್ನು ಅದರಲ್ಲಿ ಹೂತು, ಮಾವ ಚೌಡಯ್ಯನ ಎತ್ತುಗಳಿಂದ ಎಳೆಸಿಕೊಂಡು ಮಾನ ಕಳೆದುಕೊಂಡಿದ್ದ. ಮಾವನ ತೋಟದ ಮನೆ ಹಳ್ಳದಾಚೆ. ಹೆಂಡತಿ ಇಂಚರ ಬಾಣಂತನಕ್ಕೆ ಅಲ್ಲಿಗೆ ಹೋಗಿ ಆರು ತಿಂಗಳಾಗಿತ್ತು. ಮಗ ಅಪ್ಪನ ಮನೆಯನ್ನು ಇನ್ನೂ ನೋಡಿರಲಿಲ್ಲ.

"ಶುಕ್ರವಾರ ಆರು ಗಂಟೆ ಒಳಗೆ ತಾಯಿ, ಕೂಸು ನಿಮ್ಮನೆ ಹೊಸಲು ದಾಟ್ಬೇಕು. ತಪ್ಪಿದ್ರೆ ಅಮಾಸೆ, ಅದಾದ್ಮೇಲೆ ಆಷಾಢ. ನಾನು ಕಳಿಸಾಕಿಲ್ಲ" ಎಂದು ಮಾವ ಕಡ್ಡಿ ಮುರಿದಂತೆ ಹೇಳಿದ್ದ.

ಅವರನ್ನು ಕರೆತರುವಾಗ ಮತ್ತೆ ಹಳ್ಳದಲ್ಲಿ ಹೂತುಕೊಳ್ಳಬಾರದೆಂದು ಶುಕ್ರವಾರ ಬೆಳಿಗ್ಗೆ ದೇವರಾಜ ಜೀಪಿಗೆ ದಪ್ಪ ದಪ್ಪ ಟೈರು ಹಾಕಿಸಿ ಮನೆ ಮುಂದೆ ನಿಲ್ಲಿಸಿದ. ಸ್ಟೇರಿಂಗ್ ತಿರುಗಿಸಿದರೆ ಎಡಗಡೆ ಟೈರು ಮಡ್‌ಗಾರ್ಡಿಗೆ ಕರಕರ ಉಜ್ಜುತ್ತಿತ್ತು. ವೆಲ್ಡಿಂಗ್ ಶಾಪಿನ ಚಿಕ್ಕಮಾದಯ್ಯ ಗ್ರೈಂಡರ್ ಹಿಡಿದು ಬಂದ.

"ಎರಡು ಬೆರಳಷ್ಟು ಕತ್ತರಿಸಿದ್ರೆ ಆಯ್ತದೆ ಸಾ. ಐದು ನಿಮಿಷದ ಕೆಲ್ಸ."

ಐದು ನಿಮಿಷದಲ್ಲಿ ಮುಗಿಯಿತು ಕೂಡ. ಆದರೆ ಅಷ್ಟರಲ್ಲಿ ಎದುರುಮನೆ ಗುರುಪಾದಸ್ವಾಮಿ ಬಂದುಬಿಟ್ಟರು. ನಲವತ್ತು ವರ್ಷ ಮಗ್ಗದ ಮುಂದೆ ಕೂತವರು. ಸೀರೆಯ ಅಂಚಿನಲ್ಲಿ ಒಂದೆಳೆ ಹೆಚ್ಚುಕಮ್ಮಿಯಾದರೂ ಅವರಿಗೆ ಗಂಟಲಲ್ಲಿ ಅನ್ನ ಇಳಿಯದು.

"ಲೇ ದೇವರಾಜ, ಎಡದ ಅಂಚೇ ಒಂದು, ಬಲದ ಅಂಚೇ ಒಂದು. ನೇಕಾರನ ಮನೆ ಗಾಡಿನೇನ್ಲಾ ಇದು?"

ನಿಜ ಹೇಳಬೇಕೆಂದರೆ ಅದು ದೇವರಾಜನ ಕಣ್ಣಿಗೂ ಚುಚ್ಚುತ್ತಿತ್ತು. ಬಲಗಡೆಯೂ ಕತ್ತರಿಸಿದರು. ಅದು ಅರ್ಧ ಬೆರಳು ಜಾಸ್ತಿಯಾಯಿತು. ಸರಿ, ಮತ್ತೆ ಎಡ. ಬೀದಿಯ ಮಗ್ಗಗಳೆಲ್ಲ ನಿಂತವು. ಒಬ್ಬ ದಾರ ಹಿಡಿದು ಅಳೆದ, ಇನ್ನೊಬ್ಬ ಸುಣ್ಣದಲ್ಲಿ ಗೆರೆ ಎಳೆದ. "ಬಲಕ್ಕೆ ಇನ್ನೊಂಚೂರು!" "ಎಡಕ್ಕೆ ಇನ್ನೊಂದೆಳೆ!" ದೇವರಾಜ ತಲೆಯ ಮೇಲೆ ಕೈ ಹೊತ್ತು ಕೂತ. ನಾಲ್ಕು ಗಂಟೆಯ ಹೊತ್ತಿಗೆ ಅಂತೂ ಎರಡೂ ಕಡೆ ಸರಿಸಮವಾಯಿತು, ಯಾಕೆಂದರೆ ಎರಡೂ ಕಡೆ ಮಡ್‌ಗಾರ್ಡೇ ಉಳಿದಿರಲಿಲ್ಲ.

ಬಾಗಿಲಿಗೆ ಬೀಗ ಜಡಿದು ಹೊರಟ. ದಾರಿಯುದ್ದಕ್ಕೂ ಮಳೆಯ ಕೆಸರು. ಟೈರುಗಳ ಆರ್ಭಟದಲ್ಲಿ ಜೇಬಿನ ಫೋನು ಬಡಕೊಂಡಿದ್ದೇ ಕೇಳಿಸಲಿಲ್ಲ. ಹನೂರಿನ ಹತ್ತಿರ ಎದುರಿಗೆ ಬಂದ ಬಿಳಿ ಕಾರಿನಿಂದ ಯಾರೋ ಕೈ ಹೊರಗೆ ಹಾಕಿ ಕೂಗಿದರು. ಟೈರು ನೋಡಿ ಮೆಚ್ಚಿದರೇನೋ ಎಂದುಕೊಂಡು ಇವನೂ ಖುಷಿಯಾಗಿ ಕೈ ಬೀಸಿದ. ಅಜ್ಜೀಪುರದ ಹಳ್ಳವನ್ನಂತೂ ಜೀಪು ಸಲೀಸಾಗಿ ದಾಟಿತು. ಬೆಳಗಿನಿಂದ ಅವನು ನಕ್ಕಿದ್ದು ಅದೇ ಮೊದಲು.

ಅಂಗಳದಲ್ಲಿ ಅತ್ತೆ ಮಹದೇವಮ್ಮ ಒಬ್ಬರೇ ಇದ್ದರು.

"ಅಯ್ಯೋ ಶಿವನೇ! ನೀವು ಪುನಾ ಹಳ್ಳದಲ್ಲಿ ಸಿಕ್ಕಾಕಬಾರ್ದೂಂತ ನಿಮ್ಮ ಮಾವನೇ ಬಾಡಿಗೆ ಕಾರ್ ಮಾಡ್ಕಂಡು ಕರ್ಕಂಡೋದ್ರಲ್ಲಾ! ಫೋನ್ ಮಾಡಿ ಮಾಡಿ ಸಾಕಾಯ್ತು!"

ಗಂಟೆ ಐದೂಕಾಲು. ವಾಪಸು ಒಂದು ಗಂಟೆಯ ದಾರಿ. ಮನೆಯ ಬೀಗದ ಕೈ ಜೇಬಿನಲ್ಲೇ ಇತ್ತು. ದೇವರಾಜನಿಗೆ ಅಳುವೇ ಬಂತು. ಮಾವನಿಗೆ ಫೋನು ಹಚ್ಚಿದ.

"ಬೀಗ ಹಾಕಿದ್ ಬಾಗಿಲ ಮುಂದೆ ಕೂಸು ಎತ್ಕಂಡು ನಿಂತಿವ್ನಿ, ಅಳಿಯಂದ್ರೇ. ಬುಡಿ, ವಾಪಸ್ ಕರ್ಕಂಡ್ ಬತ್ತೀನಿ. ಆಷಾಢ ಕಳೀಲಿ. ಇನ್ನೊಂದ್ ಇಚಾರ. ಹನೂರತ್ರ ಯಾವನೋ ಮಡ್‌ಗಾರ್ಡ್ ಇಲ್ಲದ ಜೀಪ್‌ನೋನು ನನ್ ಕಣ್ಗೂ ಮೈಗೂ ಕೆಸರು ಎರಚಿ, ಮ್ಯಾಲೆ ಕೈ ಬೇರೆ ಬೀಸ್ದ. ಅವನ್ಯಾರು ಅಂತ ನಿಮ್ಮ ಎದುರುಮನೆಯೋರ್ನ ಕೇಳ್ತಾ ಇವ್ನಿ. ಒಂಚೂರು ಇರಿ."

ಫೋನಿನ ಆ ಕಡೆಯಿಂದ ಗುರುಪಾದಸ್ವಾಮಿಗಳ ಹುರುಪಿನ ದನಿ ಕೇಳಿಸಿತು.

"ಅಂಚು ಎರಡೂ ಕಡೆ ಒಂದೇ ಸಮ ಇತ್ತಾ?"